ನಿರಾಧಾರರ ಮಾಸಾಶನ: ಅರ್ಹತೆಯ ನಿರ್ಣಯ ಹೇಗೆ?

ಬಡವರಿಗೆ ಸರಕಾರವು ಕೊಡುವ ನಗದು ನೆರವು ಅವರವರ ಕೊರತೆಯನ್ನು ಅಳೆದು ಕೊಡುವಂಥದೆಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ಕೆಲವು ದೇಶಗಳ ಮಟ್ಟಿಗೆ ಇದು ನಿಜ. ಅಮೇರಿಕೆಯಲ್ಲಿ 1974ರಿಂದ ನಡೆದುಬಂದಿರುವ ಒಂದು ಯೋಜನೆಯಲ್ಲಿ ವೃದ್ಧರು, ಅಂಧರು, ಅಂಗವಿಕಲರಿಗಾಗಿ ಪರಮಾವಧಿ ಮೊತ್ತವೊಂದನ್ನು ಗೊತ್ತುಪಡಿಸಿ, ಅದರಲ್ಲಿ ಅರ್ಜಿದಾರರ ಆದಾಯವನ್ನು ಕಳೆದು ಉಳಿದುದನ್ನು ಕೊಡುತ್ತಾರೆ. ದುಡಿಮೆಯ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚಿನ ಅಂಶವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಹಾರಾಷ್ಟ್ರದ ಪದ್ಧತಿ ಬೇರೆ. ಇಲ್ಲಿ ಕೊರತೆಯಿಂದ ನಿರ್ಣಯವಾಗುವುದು ಪ್ರವೇಶ ಮಾತ್ರ. ಒಳಗೆ ಸೇರಿದವರಿಗೆ ಮೊತ್ತವು ಬಹುಮಟ್ಟಿಗೆ ಒಂದೇ.

1980ರಲ್ಲಿ ಆರಂಭವಾದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯು 65 ವರ್ಷದೊಳಗಿನ ವಿಧವೆಯರು, ಪರಿತ್ಯಕ್ತೆಯರು, ಅನಾಥರು, ಅಂಗವಿಕಲರು, ಕ್ಷಯ ಕುಷ್ಠಾದಿ ರೋಗಗಳಿಂದ ದುಡಿಯಲಾರದವರು ಮುಂತಾದವರಿಗಾಗಿ ಇರುವಂಥದು. ಆ ವಯಸ್ಸನ್ನು ದಾಟಿದವರಿಗೆ ಶ್ರಾವಣಬಾಳ ಯೋಜನೆಯುಂಟು. ಮಾಸಾಶನವು 2019ರಲ್ಲಿ 1,000 ರೂಪಾಯಿಗೂ 2023ರಲ್ಲಿ 1,500 ರೂಪಾಯಿಗೂ ಏರಿತು. ಅಂಗವಿಕಲರಿಗೆ 2025ರಲ್ಲಿ ಅದನ್ನು 2,500 ಮಾಡಲಾಯಿತು. ದಾರಿದ್ರ್ಯರೇಖೆಯ ಪಟ್ಟಿಯಲ್ಲಿರುವ, ಎಂಬತ್ತು ತುಂಬದ ವೃದ್ಧರ ಬಾಬಿನಲ್ಲಿ ಕೇಂದ್ರ ಸರಕಾರವು ಕೊಡುವ ಪಾಲು 200 ರೂಪಾಯಿ. 2007ರಿಂದ ಅದು ಕದಲಿಲ್ಲ.

ಪ್ರವೇಶದ ಅಳತೆಗೋಲೇ ವಿಚಾರಾರ್ಹವಾದುದು. ದಾರಿದ್ರ್ಯರೇಖೆಯ ಪಟ್ಟಿಯಲ್ಲಿ ಹೆಸರಿರಬೇಕು, ಇಲ್ಲವೇ ಕುಟುಂಬದ ವಾರ್ಷಿಕ ಆದಾಯವು 21,000 ರೂಪಾಯಿಯೊಳಗಿರಬೇಕು. ಅಂಗವಿಕಲರಿಗೆ ಈ ಮಿತಿ 50,000. ಇಪ್ಪತ್ತೊಂದು ಸಾವಿರವೆಂದರೆ ತಿಂಗಳಿಗೆ 1,750. ಡೊಂಬಿವಲಿಯಲ್ಲಿ ನಾಲ್ಕಾರು ಮನೆಗಳ ಪಾತ್ರೆ ತೊಳೆದು ಮಕ್ಕಳನ್ನು ಸಾಕುವ ವಿಧವೆಯು ತನ್ನ ಗಳಿಕೆಯನ್ನು ಇದ್ದುದಿದ್ದಂತೆ ಹೇಳಿದರೆ ಆಕೆ ನಿರಾಧಾರಳಲ್ಲ! ಕಲ್ಯಾಣದಂಥ ನಗರದಲ್ಲಿ ಈ ಮೊತ್ತದಿಂದ ಚಾಳಿನ ಒಂದು ಖೋಲಿಯ ಬಾಡಿಗೆಯೂ ಹುಟ್ಟುವುದು ಕಷ್ಟ. ಕೂಲಿಯವರಿಗೆ ಸಂಬಳದ ಚೀಟಿ ಇರುವುದಿಲ್ಲವಾದುದರಿಂದ, ಅರ್ಜಿದಾರರ ಸ್ವಯಂಘೋಷಣೆ, ತಲಾಠಿಯ ವಿಚಾರಣೆ, ತಹಶೀಲದಾರರ ಸಹಿ ಇವುಗಳಿಂದ ಉತ್ಪನ್ನದ ದಾಖಲೆ ಹುಟ್ಟುತ್ತದೆ. ಮಿತಿಯು ವಾಸ್ತವಕ್ಕಿಂತ ಇಷ್ಟು ಕೆಳಗಿರುವಾಗ ಆ ದಾಖಲೆಯಲ್ಲಿ ಬರೆದ ಅಂಕಿಯು ಬಡತನದ ಅಳತೆಯಾಗಿ ಉಳಿಯುವುದಿಲ್ಲ. ಸತ್ಯವನ್ನು ಹೇಳಿದವರು ಹೊರಗುಳಿಯುವ ಸಂಭವವೇ ಹೆಚ್ಚು.

ಇದೇ ರಾಜ್ಯವು 2024ರಲ್ಲಿ ‘ಲಾಡಕಿ ಬಹೀಣ’ ಯೋಜನೆಯನ್ನು ತಂದಾಗ ಮಹಿಳೆಯರಿಗೆ ಅದೇ 1,500 ರೂಪಾಯಿಯನ್ನು ಗೊತ್ತುಮಾಡಿ, ಕುಟುಂಬದ ಆದಾಯದ ಮಿತಿಯನ್ನು ಎರಡೂವರೆ ಲಕ್ಷವಾಗಿಟ್ಟಿತು. ಹಳದಿ, ಕೇಸರಿ ರೇಶನ್ ಕಾರ್ಡಿನವರು ಉತ್ಪನ್ನದ ದಾಖಲೆಯನ್ನೇ ತರಬೇಕಾಗಿರಲಿಲ್ಲ. ಒಂದೇ ಮೊತ್ತಕ್ಕೆ ಎರಡು ಮಿತಿಗಳು, ಅವುಗಳ ನಡುವೆ ಸುಮಾರು ಹನ್ನೆರಡು ಪಟ್ಟು ಅಂತರ! ಆದರೆ ಆ ಯೋಜನೆಯು 65 ವರ್ಷದವರೆಗಿನ ಸ್ತ್ರೀಯರದು; ಮುದುಕರಿಗೆ ಹಳೆಯ ಮಿತಿಯೇ ಗತಿ.

ಕುಟುಂಬವೆಂದರೆ ಯಾರೆಂಬ ಪ್ರಶ್ನೆಯೂ ಚಿಕ್ಕದಲ್ಲ. ಬ್ರಿಟನ್ನಿನಲ್ಲಿ 1931ರ ಆದಾಯ ಪರೀಕ್ಷೆಯು ಮಗನ ಕೂಲಿಯನ್ನು ನಿರುದ್ಯೋಗಿ ತಂದೆಯ ಲೆಕ್ಕಕ್ಕೆ ಸೇರಿಸಿ ಮನೆಗಳನ್ನು ಒಡೆಯಿತೆಂಬ ಅಪಕೀರ್ತಿ ಪಡೆದು, 1941ರ ಕಾನೂನಿನಿಂದ ತೊಲಗಿತು. ಲಾಡಕಿ ಬಹೀಣ ಯೋಜನೆಯಲ್ಲಿ ಗಂಡ, ಹೆಂಡತಿ, ಅವಿವಾಹಿತ ಮಕ್ಕಳಿಷ್ಟನ್ನೇ ಕುಟುಂಬವೆಂದು ಎಣಿಸಿರುವುದು ವಿವೇಕದ ಕೆಲಸ.

ಕನ್ನಡಿಗರ ಮಟ್ಟಿಗೆ ಇವೆಲ್ಲಕ್ಕಿಂತ ಬಿಗಿಯಾದ ನಿಬಂಧನೆ ವಾಸ್ತವ್ಯದ್ದು. ನಿರಾಧಾರ ಯೋಜನೆಗೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಾಗಿರಬೇಕು. ಸಂವಿಧಾನದ 41ನೆಯ ಅನುಚ್ಛೇದವು ವೃದ್ಧಾಪ್ಯ, ರೋಗ, ಅಂಗವೈಕಲ್ಯಗಳಲ್ಲಿ ಸಾರ್ವಜನಿಕ ನೆರವನ್ನು ‘ರಾಜ್ಯ’ದ ಕರ್ತವ್ಯವೆನ್ನುತ್ತದೆ, ಅದೂ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ, ನ್ಯಾಯಾಲಯದಲ್ಲಿ ಕೇಳಿ ಪಡೆಯುವ ಹಕ್ಕು ಅದರಿಂದ ಹುಟ್ಟುವುದಿಲ್ಲ. ಆದುದರಿಂದ ಪ್ರತಿಯೊಂದು ಪ್ರಾಂತ ಸರಕಾರವೂ ತನ್ನವರಾರೆಂಬುದನ್ನು ತಾನೇ ನಿಶ್ಚಯಿಸುತ್ತದೆ. ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದು ನವಿ ಮುಂಬಯಿಯ ನಾಕಾಗಳಲ್ಲಿ ದಿನಗೂಲಿಗೆ ನಿಲ್ಲುವವನು ಹತ್ತು ವರ್ಷ ದುಡಿದು ಕಾಲು ಮುರಿದುಕೊಂಡರೆ ಇಲ್ಲಿ ಇನ್ನೂ ಐದು ವರ್ಷ ಹೊರಗಿನವನು. ಊರಿನ ಕಾರ್ಡಿನಿಂದ ಹೆಸರು ಹೋಗಿದ್ದರೆ ಅಲ್ಲಿಯೂ ಒಳಗಿನವನಲ್ಲ. ‘ಒಂದು ದೇಶ ಒಂದು ರೇಶನ್ ಕಾರ್ಡು’ ವ್ಯವಸ್ಥೆಯಿಂದ ಧಾನ್ಯವು ಗಡಿ ದಾಟಿ ಬರುತ್ತದೆ, ಮಾಸಾಶನವು ಬರುವುದಿಲ್ಲ. ಲಾಡಕಿ ಬಹೀಣ ಯೋಜನೆಯಲ್ಲಿ ಹೊರರಾಜ್ಯದಲ್ಲಿ ಹುಟ್ಟಿ ಇಲ್ಲಿಯವನನ್ನು ಮದುವೆಯಾದವಳಿಗೆ ಗಂಡನ ಜನ್ಮದಾಖಲೆ, ಶಾಲೆ ಬಿಟ್ಟ ದಾಖಲೆ ಅಥವಾ ಡೊಮಿಸೈಲ್ ಸಾಲುತ್ತದೆ. ನಿಪ್ಪಾಣಿ, ಇಂಡಿಗಳಿಂದ ಬಂದ ಸೊಸೆಯಂದಿರಿಗೆ ಇದರಿಂದ ಸಂದ ಉಪಕಾರವನ್ನು ಮರೆಯಬಾರದು.

ಅರ್ಜಿಯ ಕಚೇರಿಯು ವಾಸಸ್ಥಳವನ್ನು ಅನುಸರಿಸುತ್ತದೆ. ಡೊಂಬಿವಲಿಯವರಿಗೆ ಕಲ್ಯಾಣದ ತಹಶೀಲು. ವಾಶಿ, ನೆರೂಳ, ಐರೋಲಿಯವರಿಗೆ ಠಾಣೆಯದು. ಖಾರಘರ ನವಿ ಮುಂಬಯಿಯೆನಿಸಿಕೊಂಡರೂ ರಾಯಗಡ ಜಿಲ್ಲೆಗೆ ಸೇರಿದುದರಿಂದ ಅಲ್ಲಿಯವರು ಪನವೇಲಿಗೆ ಹೋಗಬೇಕು. ವಾಸ್ತವ್ಯದ ಲೆಕ್ಕದಲ್ಲಿ ಹಳೆಯ ರೇಶನ್ ಕಾರ್ಡು, ಮತದಾರರ ಚೀಟಿ, ಮಕ್ಕಳ ಶಾಲೆಯ ದಾಖಲೆಗಳ ಮೇಲಿನ ತಾರೀಖುಗಳೇ ಸಾಕ್ಷಿಯಾಗುವುದರಿಂದ, ಖೋಲಿ ಬದಲಿಸುವಾಗ ಇವನ್ನು ಕಳೆದುಕೊಂಡವರು ಎಣಿಕೆಯನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.