ಒಂದು ತಾರೀಖಿನ ಲೆಕ್ಕ

ಗೋಡೆಯ ಮೇಲಿನ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆಯನ್ನು ಹರಿದು ಬಿಸುಡುವಾಗ, ಆ ದಿನದಲ್ಲಿ ಏನಿದ್ದಿತೆಂದು ತಿರುಗಿ ನೋಡುವವರು ವಿರಳ. ಸಂಬಳದ ದಿನ, ಕಂದಾಯ ಕಟ್ಟುವ ಕಡೆಯ ದಿನ, ಮೊಕದ್ದಮೆಯ ವಾಯಿದೆಯ ದಿನ, ಇವು ನೆನಪಿರುವಂತೆ ಬೇರೆ ದಿನಗಳು ನೆನಪಿರುವುದಿಲ್ಲ. ಆದುದರಿಂದಲೇ ಪತ್ರಿಕೆಗಳಲ್ಲಿ 'ಈ ದಿನ ನಡೆದುದು' ಎಂಬ ಸಣ್ಣ ಬರಹಗಳಿಗೆ ಎಡೆಯುಂಟಾಯಿತು. ಸತ್ಯವನ್ನು ಹೇಳುವುದಾದರೆ, ಅಂಕಣದ ಕೊನೆಯಲ್ಲಿ ನಾಲ್ಕು ಬೆರಳಷ್ಟು ಜಾಗ ಉಳಿದಾಗ ಅದನ್ನು ತುಂಬುವುದಕ್ಕೆಂದೇ ನಾವೂ ಇಂತಹವನ್ನು ಬಳಸಿರುವೆವು. ಆದರೆ ಇಂದಿನ ತಾರೀಖು, ಆಗಸ್ಟ್ 23, ಆ ನಾಲ್ಕು ಬೆರಳಿನಲ್ಲಿ ಅಡಗತಕ್ಕುದಲ್ಲ. ಬೆಂಗಳೂರಿನ ಉತ್ತರ ಭಾಗದವರಿಗಂತೂ ಇದು ತಮ್ಮ ಮನೆಯ ದಿನವೇ ಆಗಿರುವುದು.

ಮೊದಲು ವಿಚಿತ್ರವಾದುದನ್ನು ಹೇಳಿ ಮುಗಿಸುವೆವು. 1973ರ ಆಗಸ್ಟ್ 23ರಂದು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ಒಂದು ಬ್ಯಾಂಕಿಗೆ ಬಂದೂಕುಧಾರಿಯೊಬ್ಬನು ನುಗ್ಗಿ, ನಾಲ್ವರು ನೌಕರರನ್ನು ಸೆರೆಹಿಡಿದನು. ಆರು ದಿನಗಳವರೆಗೆ ತಿಜೋರಿಯ ಕೋಣೆಯಲ್ಲಿ ಸಿಕ್ಕಿಬಿದ್ದ ಆ ನೌಕರರು, ತಮ್ಮನ್ನು ಬಿಡಿಸಲು ಬಂದ ಪೊಲೀಸರಿಗೆ ಹೆದರಿದಷ್ಟು ತಮ್ಮನ್ನು ಹಿಡಿದವನಿಗೆ ಹೆದರಲಿಲ್ಲ. ಅವನ ವಿಷಯದಲ್ಲಿ ಅವರಿಗೆ ಕನಿಕರವೇ ಹುಟ್ಟಿತು. ಸೆರೆಯಾಳಿಗೆ ಸೆರೆಹಿಡಿದವನ ಮೇಲೆ ಮೂಡುವ ಈ ಒಲವಿಗೆ ಅಂದಿನಿಂದ ಆ ನಗರದ ಹೆಸರೇ ಅಂಟಿಕೊಂಡಿತು. ಪರರ ಆಳ್ವಿಕೆಯಲ್ಲಿ ಬಹುಕಾಲ ಇದ್ದು, ಅವರನ್ನೇ ಹೊಗಳುವ ಚಾಳಿಯನ್ನು ಸ್ವಲ್ಪ ಬಲ್ಲ ನಮಗೆ ಇದು ತೀರ ಹೊಸ ಸಂಗತಿಯೆಂದು ತೋರುವುದಿಲ್ಲ.

ಇನ್ನು ರಾಜಕೀಯ. 1939ರಲ್ಲಿ ಜರ್ಮನಿಯೂ ಸೋವಿಯತ್ ರಷ್ಯವೂ ಒಂದರ ಮೇಲೊಂದು ಯುದ್ಧ ಹೂಡುವುದಿಲ್ಲವೆಂದು ಮಾಡಿಕೊಂಡ ಒಪ್ಪಂದದ ಕಾಗದದ ಮೇಲೆ ಇದೇ ತಾರೀಖು ಇರುವುದು. ಮಾಸ್ಕೋದಲ್ಲಿ ನಿಜವಾಗಿ ಸಹಿ ಬಿದ್ದುದು ನಡುರಾತ್ರಿ ಕಳೆದ ಮೇಲೆ, ಎಂದರೆ 24ನೆಯ ತಾರೀಖಿನಂದು. ತಾರೀಖಿನಲ್ಲಿದ್ದ ಈ ಸಣ್ಣ ಸುಳ್ಳಿಗಿಂತ ದೊಡ್ಡ ಸುಳ್ಳು ಒಳಗಿದ್ದಿತು: ಪೂರ್ವ ಯೂರೋಪಿನ ದೇಶಗಳನ್ನು ತಮ್ಮತಮ್ಮೊಳಗೆ ಹಂಚಿಕೊಳ್ಳುವ ರಹಸ್ಯ ಕರಾರೊಂದನ್ನು ಅದಕ್ಕೆ ಸೇರಿಸಿದ್ದರು. ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ದಾಳಿಯಾಯಿತು. 3ರಂದು ವೈಸರಾಯ್ ಲಿನ್‌ಲಿತ್‌ಗೋ ಅವರು ಭಾರತದ ಜನಪ್ರತಿನಿಧಿಗಳಲ್ಲಿ ಒಬ್ಬರನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆಯೆಂದು ಸಾರಿದರು. ಅದನ್ನು ಪ್ರತಿಭಟಿಸಿ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯನ್ನಿತ್ತವು. ಎಲ್ಲಿಯೋ ಮಾಸ್ಕೋದಲ್ಲಿ ಬಿದ್ದ ಸಹಿಯು ಎರಡು ತಿಂಗಳಲ್ಲಿ ಮದರಾಸು, ಮುಂಬಯಿಗಳ ಆಡಳಿತವನ್ನು ಅಲುಗಿಸಿತೆಂಬುದನ್ನು ವಾಚಕರು ಗಮನಿಸಬೇಕು.

ಆ ರಹಸ್ಯಕ್ಕೆ ಉತ್ತರವೂ ಇದೇ ದಿನ ಬಂದಿತು. ಸರಿಯಾಗಿ ಐವತ್ತು ವರ್ಷ ತುಂಬಿದ 1989ರ ಆಗಸ್ಟ್ 23ರಂದು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ಸುಮಾರು 20 ಲಕ್ಷ ಜನರು ಒಬ್ಬರ ಕೈಯನ್ನೊಬ್ಬರು ಹಿಡಿದು, 600 ಕಿಲೋಮೀಟರಿಗೂ ಮಿಕ್ಕ ಸಾಲಾಗಿ ನಿಂತರು. ನಮ್ಮ ಲೆಕ್ಕದಲ್ಲಿ ಅದು ಹೆಚ್ಚುಕಡಮೆ ಬೆಂಗಳೂರಿನಿಂದ ಬೀದರಿನತನಕ ಎನ್ನಬಹುದು. ಆಯುಧವಿರಲಿಲ್ಲ. ಎರಡು ವರ್ಷಗಳೊಳಗಾಗಿ ಆ ಮೂರು ದೇಶಗಳೂ ಸ್ವತಂತ್ರವಾದವು. ಕೇಡಿನ ನೆನಪಾಗಿದ್ದ ತಾರೀಖನ್ನು ಜನರೇ ಬೇರೊಂದು ನೆನಪಾಗಿ ಮಾರ್ಪಡಿಸಿದರು.

ನಮ್ಮ ನೆರೆಯವರಿಗೂ ಇದು ಹೆಮ್ಮೆಯ ದಿನ. 'ಆಂಧ್ರಕೇಸರಿ' ಟಂಗುಟೂರಿ ಪ್ರಕಾಶಂ ಪಂತುಲು ಅವರು ಜನಿಸಿದುದು 1872ರ ಆಗಸ್ಟ್ 23ರಂದು. ಸೈಮನ್ ಕಮಿಷನ್ನಿನ ಕಾಲದಲ್ಲಿ ಮದರಾಸಿನ ಬೀದಿಯಲ್ಲಿ ಬಂದೂಕಿನ ಮುಂದೆ ಎದೆಯೊಡ್ಡಿ ನಿಂತ ಧೀರರವರು. 1946ರಲ್ಲಿ ಅವರು ಮದರಾಸಿನ ಪ್ರಧಾನಿಯಾಗಿದ್ದಾಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಆ ಆಡಳಿತದೊಳಗೇ ಇದ್ದವು. 1953ರ ಅಕ್ಟೋಬರ್ 1ರಂದು ಅವರು ಹೊಸ ಆಂಧ್ರ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು; ಅದೇ ದಿನ ಆದೋನಿ, ಆಲೂರು, ರಾಯದುರ್ಗಗಳನ್ನು ಬಿಟ್ಟು ಬಳ್ಳಾರಿಯ ಉಳಿದ ಸೀಮೆಯು ಮೈಸೂರಿಗೆ ಸೇರಿತು. ಅವರ ಜೀವನಚರಿತ್ರೆಯ ಒಂದು ಪುಟ ಹೀಗೆ ನಮ್ಮ ನಾಡಿನ ಚರಿತ್ರೆಯ ಪುಟವೂ ಆಗಿರುವುದು.

ಈಗ ವಿಜ್ಞಾನಕ್ಕೆ ಬರೋಣ. 1966ರ ಆಗಸ್ಟ್ 23ರಂದು ಅಮೆರಿಕದ ಲೂನಾರ್ ಆರ್ಬಿಟರ್ 1 ಎಂಬ ನೌಕೆಯು ಚಂದ್ರನ ಬಳಿಯಿಂದ ಭೂಮಿಯ ಚಿತ್ರವನ್ನು ತೆಗೆಯಿತು. ಅಷ್ಟು ದೂರದಿಂದ ನಮ್ಮ ಭೂಮಿಯು ಹೇಗೆ ತೋರುವುದೆಂಬುದನ್ನು ಮನುಷ್ಯನು ಕಂಡುದು ಅದೇ ಮೊದಲು. ಅದಾಗಿ ಐವತ್ತೇಳು ವರ್ಷಗಳ ತರುವಾಯ, 2023ರಲ್ಲಿ, ಅದೇ ತಾರೀಖಿನಂದು ನಮ್ಮ ಚಂದ್ರಯಾನ 3ರ 'ವಿಕ್ರಮ'ವು ಚಂದ್ರನ ಮೇಲೆ ಇಳಿಯಿತು. ಬುಧವಾರ ಸಂಜೆ 6 ಗಂಟೆ 4 ನಿಮಿಷ.

ಆ ಇಳಿತವನ್ನು ನೋಡಿಕೊಂಡವರು ಎಲ್ಲಿದ್ದರು? ಯಶವಂತಪುರವನ್ನು ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಕ್ಕುವ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ, ಲೇತು ಯಂತ್ರಗಳ ಸದ್ದಿನ ನಡುವೆ, ಇಸ್ರೋದ ಇಸ್ಟ್ರಾಕ್ ಎಂಬ ಕೇಂದ್ರವಿರುವುದು. ನೌಕೆಯ ಜಾಡನ್ನು ಹಿಡಿದು ಅದಕ್ಕೆ ಆಜ್ಞೆಗಳನ್ನು ಕಳುಹಿಸುವ ಕೆಲಸ ಅಲ್ಲಿಯದು. ಬ್ಯಾಲಾಳಿನ 32 ಮೀಟರ್ ಅಗಲದ ಆಂಟೆನಾ ಅದರ ಕಿವಿ. ಮೂವತ್ತು ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 6,000 ಕಿಲೋಮೀಟರ್ ವೇಗದಲ್ಲಿದ್ದ ವಿಕ್ರಮವು ಹತ್ತೊಂಬತ್ತು ನಿಮಿಷಗಳಲ್ಲಿ ನಿಲುಗಡೆಗೆ ಬರಬೇಕಾಗಿದ್ದಿತು. ಇಲ್ಲಿಂದ ಹೊರಟ ಆಜ್ಞೆಯು ಅಲ್ಲಿಗೆ ಮುಟ್ಟಲು ಒಂದೂಕಾಲು ಸೆಕೆಂಡಿಗೂ ಹೆಚ್ಚು ಹಿಡಿಯುವುದರಿಂದ, ಆ ಹತ್ತೊಂಬತ್ತು ನಿಮಿಷ ಪೀಣ್ಯದವರು ಕೈಕಟ್ಟಿ ನೋಡುವುದರ ಹೊರತು ಬೇರೇನನ್ನೂ ಮಾಡುವಂತಿರಲಿಲ್ಲ. ಮೊದಲೇ ಮಾಡಿಟ್ಟ ಲೆಕ್ಕವೇ ನೌಕೆಯನ್ನು ಕಾಯಬೇಕು.

ಆ ದಿನವನ್ನೇ ಆರಿಸಿದುದೇಕೆಂಬುದು ನಮ್ಮ ಪಂಚಾಂಗದವರಿಗೂ ರುಚಿಸತಕ್ಕ ಸಂಗತಿ. ವಿಕ್ರಮವು ಬಿಸಿಲಿನಿಂದ ವಿದ್ಯುತ್ತನ್ನು ಪಡೆದು ಕೆಲಸ ಮಾಡತಕ್ಕ ಯಂತ್ರ. ಚಂದ್ರನಲ್ಲಿ ಒಂದು ಹಗಲೆಂದರೆ ನಮ್ಮ ಸುಮಾರು ಹದಿನಾಲ್ಕು ದಿನ. ಆದುದರಿಂದ ಅಲ್ಲಿ ಸೂರ್ಯನು ಆಗತಾನೆ ಹುಟ್ಟಿದ್ದ ವೇಳೆಗೆ ಇಳಿಯಬೇಕು. ತಪ್ಪಿದರೆ ಮುಂದಿನ ತಿಂಗಳಿಗೆ ಕಾಯಬೇಕು. ಅಂದು ನಮ್ಮಲ್ಲಿ ನಿಜ ಶ್ರಾವಣ ಶುದ್ಧ ಸಪ್ತಮಿ, ಚಂದ್ರನು ಅರ್ಧಕ್ಕೆ ಬಂದಿದ್ದನು. ಇದೂ ಒಂದು ಮುಹೂರ್ತವೇ. ಆದರೆ ಬೆಳಕನ್ನು ಅಳೆದು ಇಟ್ಟ ಮುಹೂರ್ತ.

ಮುಹೂರ್ತವೊಂದೇ ಕಾರ್ಯವನ್ನು ಗೆಲ್ಲಿಸುವುದಿಲ್ಲ. ನಾಲ್ಕು ದಿನ ಮುಂಚೆ, ಆಗಸ್ಟ್ 19ರಂದು, ಅದೇ ಚಂದ್ರನಿಗೆ ಹೊರಟಿದ್ದ ರಷ್ಯದ ಲೂನಾ 25 ಅಪ್ಪಳಿಸಿ ನಾಶವಾಯಿತು. ನಮಗೂ ಆ ನೋವು ಹೊಸತಲ್ಲ. 2019ರ ಸೆಪ್ಟೆಂಬರ್ 7ರ ರಾತ್ರಿ ಇದೇ ಪೀಣ್ಯದ ಕೊಠಡಿಯಲ್ಲಿ, ಚಂದ್ರಯಾನ 2ರ ವಿಕ್ರಮದಿಂದ ಬರುತ್ತಿದ್ದ ಸಂಕೇತವು ನಿಂತುಹೋದಾಗ ಕುಳಿತಿದ್ದವರ ಮುಖಗಳನ್ನು ದೇಶವೆಲ್ಲ ನೋಡಿತು. ಅವರು ಗ್ರಹಗತಿಯನ್ನು ಹಳಿಯಲಿಲ್ಲ. ತಪ್ಪನ್ನು ಹುಡುಕಿದರು; ಕಾಲುಗಳನ್ನು ಬಲಪಡಿಸಿದರು; ಇಂಧನವನ್ನು ಹೆಚ್ಚಿಸಿದರು; ಇಳಿಯತಕ್ಕ ಪ್ರದೇಶವನ್ನು ವಿಸ್ತರಿಸಿದರು. ನಾಲ್ಕು ವರ್ಷಗಳ ಆ ದುಡಿಮೆಯೇ 23ನೆಯ ತಾರೀಖನ್ನು ಶುಭದಿನವನ್ನಾಗಿ ಮಾಡಿತು. ಮೂರು ದಿನಗಳ ಮೇಲೆ ಪ್ರಧಾನಮಂತ್ರಿಗಳು ಆ ಕೇಂದ್ರಕ್ಕೇ ಬಂದು, ಇದನ್ನು ರಾಷ್ಟ್ರೀಯ ಬಾಹ್ಯಾಕಾಶ ದಿನವೆಂದು ಘೋಷಿಸಿದರು.

ಇಷ್ಟಾದರೂ ನಮ್ಮ ಮನಸ್ಸಿನಲ್ಲಿ ಒಂದು ಅಳುಕು ಉಳಿದಿರುವುದು. ಪೀಣ್ಯದಿಂದ ಹೆಬ್ಬಾಳ ದೂರವಿಲ್ಲ. ಅಲ್ಲಿ 2018ರಲ್ಲಿ ಬೆಳಕಿಗೆ ಬಂದ ಒಂದು ವೀರಗಲ್ಲು, ಗಂಗರ ಶ್ರೀಪುರುಷನ ಕಾಲದಲ್ಲಿ ಪೆರ್ಬೊಳಲ್ ನಾಡನ್ನು ಕಾಯುತ್ತ ಮಡಿದ ಕಿತ್ತಯ್ಯನೆಂಬವನ ಸಂಗತಿಯನ್ನು ಹೇಳುವುದು. ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರು ಅದರ ಕಾಲವನ್ನು ನಿರ್ಣಯಿಸಿರುವರು. ಕಿತ್ತಯ್ಯನು ಮಡಿದ ದಿನ ಯಾವುದು? ಕಲ್ಲು ಅದನ್ನು ಹೇಳುವುದಿಲ್ಲ. ಆದರೂ ಆ ಕಾಲದ ಜನರು ಹೆಸರನ್ನಾದರೂ ಕಲ್ಲಿನಲ್ಲಿ ಕೊರೆದಿಟ್ಟರು. ಹನ್ನೆರಡು ಶತಮಾನಗಳು ಕಳೆದರೂ ಅದನ್ನು ನಾವು ಓದುತ್ತಿರುವೆವು. ಇಂದು ಕಾಗದವೂ ಯಂತ್ರವೂ ಬೇಕಾದಷ್ಟಿರುವಾಗ ನಮ್ಮ ಬಡಾವಣೆಗಳಲ್ಲಿ ಏನನ್ನು ಬರೆದಿಡುತ್ತಿರುವೆವು? ಯಾವ ಕೆರೆಯ ಕೋಡಿ ಯಾವ ದಿನ ಮುಚ್ಚಿತು, ಯಾವ ಶಾಲೆ ಯಾವ ದಿನ ತೆರೆಯಿತು ಎಂದು ಕೇಳಿದರೆ ಹೇಳುವವರು ಎಷ್ಟು ಮಂದಿ?

ಆದುದರಿಂದ ನಮ್ಮದೊಂದು ಸೂಚನೆ. ಯಲಹಂಕ, ಹೆಬ್ಬಾಳ, ಯಶವಂತಪುರ, ರವೀಂದ್ರನಾಥ ಠಾಕೂರ್ ನಗರಗಳ ಪ್ರತಿಯೊಂದು ಶಾಲೆಯೂ ವಾಚನಾಲಯವೂ ಊರಿನ ದಿನವಹಿಯೊಂದನ್ನು ಇಡಲಿ. ದಿನಕ್ಕೆ ಎರಡು ಸಾಲು ಸಾಕು. ಗೆಲುವನ್ನು ಬರೆಯುವಂತೆಯೇ ಸೋಲನ್ನೂ ಬರೆಯಲಿ. ರಸ್ತೆ ಅಗಲಿಸುವ ಅಧಿಕಾರಿಗಳು ಅಗೆತಕ್ಕೆ ಅಪ್ಪಣೆ ಕೊಡುವ ಮುನ್ನ ಅಲ್ಲಿ ಬರೆಹದ ಕಲ್ಲು ಏನಾದರೂ ಉಂಟೇ ಎಂದು ನೋಡಲಿ. ಇದಕ್ಕೆ ಹಣವೇನೂ ಹೆಚ್ಚು ಬೇಡ. ಚಂದ್ರನ ಮೇಲೆ ಇಳಿದ ನಿಮಿಷವನ್ನು ಬಲ್ಲ ಊರು ತನ್ನ ಅಂಗಳದಲ್ಲಿ ನಡೆದ ಸಂಗತಿಯ ವರ್ಷವನ್ನೂ ಅರಿಯದಿದ್ದರೆ ಅದು ಶೋಭೆಯಲ್ಲ. ನಾಳೆ ಈ ಹಾಳೆಯನ್ನು ಹರಿಯುವ ಮುನ್ನ ನಮ್ಮ ವಾಚಕರು ಇಷ್ಟನ್ನು ಯೋಚಿಸಿದರೆ ನಾವು ಬರೆದುದು ಸಾರ್ಥಕ.