ಕುದುರೆ ಕಾಣದ ಬೇಲಿ

2021ರ ಆಗಸ್ಟ್ 1, ಭಾನುವಾರ. ಟೋಕಿಯೊ ಕೊಲ್ಲಿಯಲ್ಲಿ ನಗರದ ಕಸ ಸುರಿದು ಎಬ್ಬಿಸಿದ ಭೂಮಿಯ ಮೇಲೆ ಹುಲ್ಲು ಬೆಳೆಸಿ, ಮರ ನೆಟ್ಟು, ನಡುನಡುವೆ ನೀರಿನ ಹೊಂಡ ತೋಡಿ ದಾರಿಯೊಂದನ್ನು ಸಿದ್ಧಪಡಿಸಲಾಗಿತ್ತು. ದಾರಿಯ ಉದ್ದ 4,420 ಮೀಟರ್. ಅದನ್ನು ಕ್ರಮಿಸಲು ಕೊಟ್ಟಿದ್ದ ಸಮಯ 7 ನಿಮಿಷ 45 ಸೆಕೆಂಡು. ಬಿಸಿಲು ಏರಿದರೆ ಪ್ರಾಣಿಗಳಿಗೆ ತಡೆಯದು ಎಂದು ಬೆಳಗ್ಗೆಯೇ ಸ್ಪರ್ಧೆ ಆರಂಭಿಸಿದ್ದರು. ಅಂದು ಆ ದಾರಿಯಲ್ಲಿ ಓಡಿದವರ ಪೈಕಿ ಬೆಂಗಳೂರಿನ ಫವಾದ್ ಮಿರ್ಜಾ ಮತ್ತು ‘ಮಿಕಿ’ ಎಂದು ಅವರು ಕರೆಯುವ ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯೂ ಇದ್ದರು. ಒಲಿಂಪಿಕ್ಸ್‌ನ ಈ ಸ್ಪರ್ಧೆಯಲ್ಲಿ ಭಾರತದ ಸವಾರನೊಬ್ಬ ಕಾಣಿಸಿಕೊಂಡದ್ದು 20 ವರ್ಷಗಳ ನಂತರ. ಅದಕ್ಕೂ ಹಿಂದೆ 2000ದಲ್ಲಿ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸವಾರಿ ಮಾಡಿದ್ದರು.

ದಾರಿಯುದ್ದಕ್ಕೂ ಇದ್ದ ದಿಮ್ಮಿ, ಬೇಲಿ, ಹಳ್ಳಗಳನ್ನು ಸವಾರರು ಮೊದಲೇ ಕಾಲ್ನಡಿಗೆಯಲ್ಲಿ ಮತ್ತೆ ಮತ್ತೆ ನೋಡಿ ಬಂದಿದ್ದರು. ಹೆಜ್ಜೆ ಎಣಿಸಿದ್ದರು, ಇಳಿಜಾರು ಅಳೆದಿದ್ದರು, ಯಾವ ಹೊತ್ತಿಗೆ ಯಾವ ಮರದ ನೆರಳು ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿಕೊಂಡಿದ್ದರು. ಆದರೆ ಕುದುರೆಗಳು? ಅವು ಒಂದನ್ನೂ ನೋಡಿರಲಿಲ್ಲ. ಸ್ಪರ್ಧೆಗೆ ಮುನ್ನ ಕುದುರೆಗೆ ದಾರಿ ತೋರಿಸುವಂತಿಲ್ಲ ಎಂಬುದು ನಿಯಮ. ಗಂಟೆಗೆ ಸುಮಾರು 34 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ, ಅರ್ಧ ಟನ್ ತೂಗುವ ಪ್ರಾಣಿ ತಿರುವು ದಾಟಿದ ಮೇಲೆಯೇ ಎದುರಿನ ಬೇಲಿಯನ್ನು ಮೊದಲ ಬಾರಿಗೆ ಕಾಣುತ್ತದೆ. ಹಾರಬೇಕೋ ಬೇಡವೋ ಎಂದು ಅದು ತೀರ್ಮಾನಿಸಲು ಇರುವ ವೇಳೆ ಕಣ್ಣು ಮಿಟುಕಿಸುವಷ್ಟು. ಬೇಲಿಯ ಆಚೆ ನೆಲವಿದೆಯೋ ನೀರಿದೆಯೋ ಅದಕ್ಕೆ ಗೊತ್ತಿಲ್ಲ. ಬೆನ್ನ ಮೇಲಿರುವವನಿಗೆ ಗೊತ್ತಿದೆ ಎಂಬುದಷ್ಟೇ ಅದರ ಧೈರ್ಯ.

ಈವೆಂಟಿಂಗ್ ಎಂಬ ಈ ಕ್ರೀಡೆಯನ್ನು ಸವಾರರು ಯಾಕೆ ಅಷ್ಟೊಂದು ಹಚ್ಚಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಕುದುರೆ ಎಂದರೆ ಬೆಂಗಳೂರಿನವರಿಗೆ ನೆನಪಾಗುವುದು ರೇಸ್‌ಕೋರ್ಸು. ಮೈಸೂರಿನವರಿಗೆ ದಸರೆಯ ಅಶ್ವದಳ. ಈವೆಂಟಿಂಗ್ ಎರಡೂ ಅಲ್ಲ. ಅದು ಒಂದೇ ಕುದುರೆ, ಒಬ್ಬನೇ ಸವಾರ ಎದುರಿಸಬೇಕಾದ ಮೂರು ಪರೀಕ್ಷೆಗಳ ಸರಮಾಲೆ. ಮೊದಲನೆಯದು ಡ್ರೆಸಾಜ್: ಅಂಗಳದೊಳಗೆ ತೀರ್ಪುಗಾರರ ಮುಂದೆ ನಿಗದಿಯಾದ ಹೆಜ್ಜೆಗಳನ್ನು ತಪ್ಪಿಲ್ಲದೆ ಹಾಕುವುದು. ಎರಡನೆಯದು ಮೇಲೆ ಹೇಳಿದ ಕ್ರಾಸ್ ಕಂಟ್ರಿ. ಮೂರನೆಯದು ಷೋ ಜಂಪಿಂಗ್: ಮುಟ್ಟಿದರೆ ಉರುಳುವಂತೆ ಜೋಡಿಸಿದ ಬಣ್ಣದ ಗಳುಗಳ ಮೇಲಿಂದ ಹಾರುವುದು. ‘ಮೂರು ದಿನದ ಸ್ಪರ್ಧೆ’ ಎಂಬ ಹೆಸರೂ ಇದಕ್ಕಿದೆ. ದೊಡ್ಡ ಕೂಟಗಳಲ್ಲಿ ಡ್ರೆಸಾಜ್ ಒಂದಕ್ಕೇ ಎರಡು ದಿನ ಬೇಕಾಗುವುದರಿಂದ ಅದು ನಾಲ್ಕು ದಿನವಾಗಿದೆ, ಹೆಸರು ಮಾತ್ರ ಹಾಗೇ ಉಳಿದಿದೆ.

ಈ ವಿಚಿತ್ರ ಜೋಡಣೆಯ ಬೇರು ಸೈನ್ಯದಲ್ಲಿದೆ. ಅಶ್ವದಳದ ಕುದುರೆ ಕವಾಯತಿನಲ್ಲಿ ಶಿಸ್ತಾಗಿ ನಿಲ್ಲಬೇಕು. ಸುದ್ದಿ ಹೊತ್ತು ಹಳ್ಳ ದಿಣ್ಣೆಗಳನ್ನು ಲೆಕ್ಕಿಸದೆ ಓಡಬೇಕು. ಅಷ್ಟು ದಣಿದ ಮೇಲೂ ಮರುದಿನ ಬೆಳಗ್ಗೆ ಕೆಲಸಕ್ಕೆ ತಯಾರಿರಬೇಕು. ಇದನ್ನು ಪರೀಕ್ಷಿಸಲು ಫ್ರೆಂಚರು 1902ರಲ್ಲಿ ಸೇನಾ ಕುದುರೆಗಳಿಗೆಂದೇ ಒಂದು ಸ್ಪರ್ಧೆ ನಡೆಸಿದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಅದು ಸೇರಿತು. ಸೇನಾಧಿಕಾರಿಗಳಿಗೆ ಮಾತ್ರ ಪ್ರವೇಶ. ಅಶ್ವದಳದ ಕುದುರೆ ಎಂದರೆ ಏನಾಗಿತ್ತು ಎಂಬುದಕ್ಕೆ ನಮ್ಮವರದೇ ಸಾಕ್ಷ್ಯವಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಸವಾರರು ಈಟಿ, ಕತ್ತಿ ಹಿಡಿದು ಫಿರಂಗಿ ಮತ್ತು ಮೆಷಿನ್‌ಗನ್ನುಗಳ ಕಾವಲಿದ್ದ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವರದು. ಅವರಿಗೆ ಅದು ಆಟವಾಗಿರಲಿಲ್ಲ. ಯುದ್ಧಕ್ಕೆ ಟ್ಯಾಂಕುಗಳು ಬಂದು ಕುದುರೆಯ ಕೆಲಸ ಹೋದ ಮೇಲೆ ಉಳಿದದ್ದು ಆಟ.

ಮೂರು ಪರೀಕ್ಷೆಗಳೂ ಒಂದಕ್ಕೊಂದು ಎದುರಾಳಿಗಳು ಎಂಬುದೇ ಇದರ ಸ್ವಾರಸ್ಯ. ನಾಗಾಲೋಟಕ್ಕೆಂದು ತಿಂಗಳುಗಟ್ಟಲೆ ಕಸುವು ತುಂಬಿಸಿದ ಕುದುರೆ ಡ್ರೆಸಾಜ್ ಅಂಗಳಕ್ಕೆ ಬಂದಾಗ ಮೈಯೆಲ್ಲ ಸ್ಪ್ರಿಂಗಿನಂತಿರುತ್ತದೆ. ಚಪ್ಪಾಳೆ ಸದ್ದಿಗೆ ಬೆದರಿ ಪಕ್ಕಕ್ಕೆ ನೆಗೆದರೂ ಅಂಕ ಹೋಯಿತು. ಅಂಥದ್ದನ್ನು ಕಡಿವಾಣ ಜಗ್ಗದೆ, ಹೊರಗೆ ಯಾರಿಗೂ ಕಾಣದಷ್ಟು ಸಣ್ಣ ಸನ್ನೆಗಳಿಂದ ಸಮಾಧಾನವಾಗಿ ನಡೆಸಬೇಕು. ಮರುದಿನ ಅದೇ ಕುದುರೆಗೆ, ‘ಈಗ ನೀನೇ ನೋಡಿಕೊಳ್ಳಪ್ಪ’ ಎಂದು ಲಗಾಮು ಸಡಿಲಿಸಬೇಕು. ಯಾಕೆಂದರೆ ಮಾತು ಮಾತಿಗೆ ಅಪ್ಪಣೆ ಕೇಳುವ ಕುದುರೆ ಕ್ರಾಸ್ ಕಂಟ್ರಿಯಲ್ಲಿ ಅಪಾಯಕ್ಕೆ ಸಿಕ್ಕಿಕೊಳ್ಳುತ್ತದೆ. ಕಾಲು ಜಾರಿದಾಗ, ಅಂದಾಜು ತಪ್ಪಿದಾಗ ಸವಾರನಿಗಿಂತ ಮೊದಲು ಅದರ ಬುದ್ಧಿ ಓಡಬೇಕು. ಇನ್ನು ಕೊನೆಯ ದಿನ. ಕ್ರಾಸ್ ಕಂಟ್ರಿಯ ದಿಮ್ಮಿಗಳು ಭದ್ರ, ಮೇಲಿನ ಸೊಪ್ಪುಸದೆಗೆ ಹೊಟ್ಟೆ ಸವರಿಕೊಂಡು ಹಾರಿದರೂ ನಡೆಯುತ್ತದೆ ಎಂದು ಹಿಂದಿನ ದಿನ ಕಲಿತ ಕುದುರೆ, ದಣಿದ ಮೈಯಲ್ಲಿ, ಗೊರಸು ತಾಗಿದರೂ ಬೀಳುವ ಗಳುಗಳನ್ನು ಎಚ್ಚರದಿಂದ ದಾಟಬೇಕು. ಒಂದೊಂದು ವಿದ್ಯೆಯಲ್ಲಿ ಇದಕ್ಕಿಂತ ಮೇಲಾದ ಕುದುರೆಗಳು ಲಾಯದಲ್ಲಿ ಎಷ್ಟೋ ಇರುತ್ತವೆ. ಮೂರನ್ನೂ ಮಾಡಬಲ್ಲದ್ದು ಅಪರೂಪ.

ಲೆಕ್ಕಾಚಾರ ಸರಳ. ಎಲ್ಲವೂ ದಂಡದ ಅಂಕ. ಕಡಿಮೆ ಪಡೆದವರು ಗೆದ್ದರು. ಡ್ರೆಸಾಜ್‌ನಲ್ಲಿ ಕಳೆದುಕೊಂಡ ಅಂಕಗಳಿಂದ ಲೆಕ್ಕ ಶುರು. ಕ್ರಾಸ್ ಕಂಟ್ರಿಯಲ್ಲಿ ಕುದುರೆ ಒಮ್ಮೆ ಹಾರಲು ಒಪ್ಪದಿದ್ದರೆ 20, ಅದೇ ಬೇಲಿಗೆ ಎರಡನೇ ಸಲ ನಿರಾಕರಿಸಿದರೆ ಮತ್ತೆ 40. ತಡವಾದ ಪ್ರತಿ ಸೆಕೆಂಡಿಗೆ 0.4. ಷೋ ಜಂಪಿಂಗ್‌ನಲ್ಲಿ ಒಂದು ಗಳು ಬಿದ್ದರೆ 4. ಮಿರ್ಜಾ ಟೋಕಿಯೊದಲ್ಲಿ ಡ್ರೆಸಾಜ್ ಮುಗಿಸಿದಾಗ 28 ಅಂಕಗಳೊಡನೆ 9ನೇ ಸ್ಥಾನದಲ್ಲಿದ್ದರು. ಕ್ರಾಸ್ ಕಂಟ್ರಿಯಲ್ಲಿ ಮಿಕಿ ಒಂದು ಬೇಲಿಯನ್ನೂ ನಿರಾಕರಿಸಲಿಲ್ಲ. ಆದರೆ 28 ಸೆಕೆಂಡು ತಡವಾಯಿತು. ಅದಕ್ಕೆ ತೆತ್ತದ್ದು 11.20 ಅಂಕ, ಇಳಿದದ್ದು 22ನೇ ಸ್ಥಾನಕ್ಕೆ.

28 ಸೆಕೆಂಡು ಎಲ್ಲಿ ಹೋಯಿತು ಎಂದು ಕೇಳಿದರೆ ಸವಾರರು ನಗುತ್ತಾರೆ. ಕಠಿಣವಾದ ಬೇಲಿಗಳ ಬಳಿ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ನೇರದ್ದು ಕಷ್ಟದ್ದು, ಸುತ್ತುಬಳಸಿನದು ಸುಲಭದ್ದು. ಹೊರಡುವ ಮುನ್ನ ಹಾಕಿದ ಯೋಜನೆ ಮೂರನೇ ಬೇಲಿಗೇ ತಲೆಕೆಳಗಾಗಬಹುದು. ಕುದುರೆಯ ಉಸಿರು, ಕಿವಿಯ ನಿಲುವು, ಹೆಜ್ಜೆಯ ಅಳತೆ ಇವನ್ನು ತೊಡೆಯಿಂದ, ಬೆರಳಿನಿಂದ ಓದಿಕೊಳ್ಳುತ್ತ ‘ಇವತ್ತು ಇವನಿಗೆ ನೇರ ದಾರಿ ಬೇಡ’ ಎಂದು ಓಡುವಾಗಲೇ ನಿರ್ಧರಿಸಬೇಕು. ಪದಕದ ಆಸೆಯಿಂದ ಕುದುರೆಯ ಮಾತನ್ನು ಕೇಳಿಸಿಕೊಳ್ಳದವನು ಬೀಳುತ್ತಾನೆ.

ಈ ಓದುವಿಕೆ ಒಂದೆರಡು ತಿಂಗಳಲ್ಲಿ ಬರುವಂಥದ್ದಲ್ಲ. ದುಡ್ಡಿದ್ದವರು ಒಳ್ಳೆಯ ಕುದುರೆಯನ್ನು ಕೊಳ್ಳಬಹುದು, ಅದರ ನಂಬಿಕೆಯನ್ನು ಕೊಳ್ಳಲಾಗದು. ನ್ಯೂಜಿಲೆಂಡಿನ ಮಾರ್ಕ್ ಟಾಡ್ 1984 ಮತ್ತು 1988ರ ಎರಡೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದದ್ದು ಕರಿಸ್ಮಾ ಎಂಬ ಒಂದೇ ಕುದುರೆಯ ಮೇಲೆ. ಅದು ಎತ್ತರದಲ್ಲಿ ಸಾಧಾರಣ, ಟಾಡ್ ಉದ್ದನೆಯ ಆಳು. ಇಬ್ಬರ ಜೋಡಿ ನೋಡುವವರಿಗೆ ಹೊಂದದಂತೆ ಕಂಡರೂ ಎರಡನೇ ಚಿನ್ನದ ಹೊತ್ತಿಗೆ ಕುದುರೆಗೆ 16 ವರ್ಷ ತುಂಬಿತ್ತು. ಬೇರೆ ಕ್ರೀಡೆಗಳಲ್ಲಿ ಸಾಮಾನು ಹಳತಾದರೆ ಬದಲಾಯಿಸುತ್ತಾರೆ. ಇಲ್ಲಿ ಹಳತಾದಷ್ಟೂ ಬೆಲೆ.

ಸವಾರರಿಗೂ ಅದೇ ಮಾತು ಅನ್ವಯಿಸುತ್ತದೆ. ಟೋಕಿಯೊದಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಹಾಯ್ ತಂಡದಲ್ಲಿ ಬೆಳ್ಳಿ, ವೈಯಕ್ತಿಕ ವಿಭಾಗದಲ್ಲಿ ಕಂಚು ಗೆದ್ದಾಗ ಅವರಿಗೆ 62 ವರ್ಷ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಎಂಬ ವಿಭಾಗವೂ ಇಲ್ಲ. ಒಂದೇ ದಾರಿ, ಒಂದೇ ಪದಕ. ಇದು ಸುಮ್ಮನೆ ಸಿಕ್ಕಿದ್ದೇನೂ ಅಲ್ಲ. ಒಲಿಂಪಿಕ್ಸ್‌ನ ಈ ಸ್ಪರ್ಧೆಗೆ ಮಹಿಳೆ ಕಾಲಿಟ್ಟದ್ದು 1964ರಲ್ಲಿ, ಅದೂ ಟೋಕಿಯೊದಲ್ಲೇ: ಅಮೆರಿಕದ ಲಾನಾ ಡುಪಾಂಟ್. ಕುದುರೆ ಎರಡು ಬಾರಿ ಬಿದ್ದರೂ ಎದ್ದು ಹತ್ತಿ ಓಟ ಮುಗಿಸಿದರು, ತಂಡ ಬೆಳ್ಳಿ ಗೆದ್ದಿತು. ಅದೇ ನಗರದಲ್ಲಿ 57 ವರ್ಷಗಳ ನಂತರ ಜರ್ಮನಿಯ ಯೂಲಿಯಾ ಕ್ರಾಯೆವ್ಸ್ಕಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಮಹಿಳೆಯಾದರು.

ಭಾರತಕ್ಕೂ ಇದರಲ್ಲಿ ಒಂದು ಸುವರ್ಣಕಾಲವಿತ್ತು ಎಂಬುದು ಅನೇಕರಿಗೆ ಮರೆತುಹೋಗಿದೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ 61ನೇ ಅಶ್ವದಳದ ರಘುಬೀರ್ ಸಿಂಗ್ ಶೆಹಜಾದಾ ಎಂಬ ಕುದುರೆಯ ಮೇಲೆ ಚಿನ್ನ ಗೆದ್ದರು. ಬೆಳ್ಳಿ, ಕಂಚು, ತಂಡದ ಚಿನ್ನ ಎಲ್ಲವೂ ಭಾರತಕ್ಕೇ ಬಂದವು. ಮುಂದೆ ವೈಯಕ್ತಿಕ ಪದಕ ಬರಲು 36 ವರ್ಷ ಹಿಡಿಯಿತು. 2018ರಲ್ಲಿ ಜಕಾರ್ತದಲ್ಲಿ ಅದನ್ನು ತಂದವರು ಮಿರ್ಜಾ, ಇದೇ ಮಿಕಿಯ ಮೇಲೆ. ತಂಡಕ್ಕೂ ಬೆಳ್ಳಿ ಸಿಕ್ಕಿತು. ಆದರೆ ಮಿಕಿ ಬೆಂಗಳೂರಿನ ಲಾಯದಿಂದ ಹೊರಟ ಕುದುರೆಯಲ್ಲ. ಭಾರತದ ಕುದುರೆಗಳನ್ನು ಯುರೋಪಿಗೆ ಕೊಂಡೊಯ್ಯಲು ರೋಗತಡೆಯ ನಿಯಮಗಳು ಬಹುಕಾಲ ದೊಡ್ಡ ತಡೆಗೋಡೆಯಾಗಿದ್ದವು. ಹಾಗಾಗಿ ನಮ್ಮ ಸವಾರರು ತಾವೇ ಜರ್ಮನಿಗೋ ಇನ್ನೆಲ್ಲಿಗೋ ಹೋಗಿ, ಅಲ್ಲಿನ ಕುದುರೆಯೊಡನೆ ಅಲ್ಲೇ ವರ್ಷಗಟ್ಟಲೆ ನೆಲೆಸಬೇಕಾಯಿತು. ಮೀರತ್‌ನ ಸೇನಾ ಪಶುವೈದ್ಯ ಕೇಂದ್ರದಲ್ಲಿ ರೂಪಿಸಿದ ಕುದುರೆಗಳ ರೋಗಮುಕ್ತ ಆವರಣಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆತದ್ದು 2025ರಲ್ಲಿ. ಜೀನು ಬಿಗಿಯುವುದಕ್ಕಿಂತ ಇಂಥ ಕಾಗದಪತ್ರ ಬಿಗಿಯುವುದೇ ಕಷ್ಟ.

ಇಷ್ಟೆಲ್ಲ ಪ್ರೀತಿಯ ಮಾತು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹಿಂದೆ ಈ ಕ್ರೀಡೆ ಮೆಚ್ಚುತ್ತಿದ್ದುದು ನೋವು ನುಂಗುವವರನ್ನು. 1936ರ ಬರ್ಲಿನ್‌ನಲ್ಲಿ ಜರ್ಮನಿಯ ಕೊನ್ರಾಡ್ ಫಾನ್ ವಾಂಗೆನ್‌ಹೈಮ್ ನೀರಿನ ಹೊಂಡದಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡರು. ಮತ್ತೆ ಹತ್ತಿ ದಾರಿ ಮುಗಿಸಿ, ಮರುದಿನ ಮುರಿದ ಎಲುಬಿನಲ್ಲೇ ಗಳುಗಳನ್ನು ಹಾರಿಸಿದರು. 1960ರ ರೋಮ್‌ನಲ್ಲಿ ಆಸ್ಟ್ರೇಲಿಯದ ಬಿಲ್ ರಾಯ್‌ಕ್ರಾಫ್ಟ್ ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಬಂದು ಸವಾರಿ ಮಾಡಿದರು. ಇಬ್ಬರ ತಂಡಗಳೂ ಚಿನ್ನ ಗೆದ್ದವು. ಇಂದಾದರೆ ಇಬ್ಬರೂ ಬಿದ್ದ ಜಾಗದಲ್ಲೇ ಸ್ಪರ್ಧೆಯಿಂದ ಹೊರಗೆ. ಸವಾರ ಬಿದ್ದರೂ ಕುದುರೆ ಬಿದ್ದರೂ ಓಟ ಅಲ್ಲಿಗೇ ಮುಗಿಯಿತು ಎಂಬುದು ಈಗಿನ ನಿಯಮ.

ಬದಲಾವಣೆಯ ಹಿಂದೆ ಸಾವುಗಳಿವೆ. 1999ರ ಒಂದೇ ಋತುವಿನಲ್ಲಿ ಬ್ರಿಟನ್ನಿನಲ್ಲಿ ಐವರು ಸವಾರರು ಸತ್ತರು. ಎಲ್ಲಕ್ಕಿಂತ ಭಯಂಕರವಾದದ್ದು ಲಾಗ ಹೊಡೆಯುವ ಬೀಳು: ಅಲುಗಾಡದ ದಿಮ್ಮಿಗೆ ಕುದುರೆಯ ಮುಂಗಾಲು ಮೇಲ್ಭಾಗದಲ್ಲಿ ಬಡಿದು, ಇಡೀ ದೇಹ ಮುಂದಕ್ಕೆ ಉರುಳಿ, ಮೊದಲೇ ನೆಲಕ್ಕೆ ಬಿದ್ದ ಸವಾರನ ಮೇಲೆ ಎರಗುವುದು. ಇದನ್ನು ತಪ್ಪಿಸಲು ದಿಮ್ಮಿಗಳನ್ನು ಹಿಡಿದಿಡುವ ಗೂಟಗಳು ಪೆಟ್ಟು ಬಿದ್ದೊಡನೆ ಮುರಿಯುವಂತೆ, ದಿಮ್ಮಿ ಕೆಳಗೆ ಕುಸಿಯುವಂತೆ ಮಾಡಲಾಯಿತು. ಬಿದ್ದ ಕ್ಷಣವೇ ಗಾಳಿ ತುಂಬಿಕೊಳ್ಳುವ ಕವಚಗಳು ಬಂದವು. ಕ್ರಾಸ್ ಕಂಟ್ರಿಗೆ ಮುನ್ನ ಮೈಲಿಗಟ್ಟಲೆ ಓಡಿಸುತ್ತಿದ್ದ ಹಳೆಯ ಪದ್ಧತಿಯನ್ನು 2004ರ ಅಥೆನ್ಸ್ ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು. ಹಳಬರಿಗೆ ಅದು ಬೇಸರ ತಂದಿತು. ಕುದುರೆಯ ದಮ್ಮಿನ ನಿಜವಾದ ಪರೀಕ್ಷೆ ಅದೇ ಆಗಿತ್ತು ಎಂಬುದು ಅವರ ವಾದ.

ಆದರೂ ಅಪಾಯ ಪೂರ್ತಿ ಹೋಗಿಲ್ಲ. ಮಿರ್ಜಾ ಓಡಿದ ದಿನವೇ ಸ್ವಿಟ್ಜರ್ಲೆಂಡಿನ ರಾಬಿನ್ ಗೊಡೆಲ್ ಅವರ ಜೆಟ್ ಸೆಟ್ ಎಂಬ ಕುದುರೆ ದಾರಿಯ ಕೊನೆಯ ಭಾಗದಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡಿತು. ವಾಸಿಯಾಗದ ಗಾಯ ಎಂದು ವೈದ್ಯರು ಹೇಳಿದ ಮೇಲೆ ಅದಕ್ಕೆ ದಯಾಮರಣ ನೀಡಿದರು. ಸವಾರ ತಾನಾಗಿ ಅಪಾಯವನ್ನು ಒಪ್ಪಿಕೊಂಡವನು. ಕುದುರೆಯನ್ನು ಕೇಳಿದವರಾರು ಎಂದು ಪ್ರಾಣಿಪ್ರಿಯರು ಪ್ರಶ್ನಿಸುತ್ತಾರೆ. ಮನಸ್ಸಿಲ್ಲದ ಕುದುರೆಯನ್ನು ಇಂಥ ಬೇಲಿಯ ಮೇಲೆ ಹಾರಿಸಲು ಯಾರಿಂದಲೂ ಸಾಧ್ಯವಿಲ್ಲ, ಅದು ಬೇಡವೆಂದರೆ ನಿಂತೇ ಬಿಡುತ್ತದೆ ಎಂಬುದು ಸವಾರರ ಉತ್ತರ. ಉತ್ತರದಲ್ಲಿ ಸತ್ಯವಿದೆ. ಆದರೆ ಬೇಲಿಯ ಆಚೆ ಏನಿದೆ ಎಂದು ಗೊತ್ತಿಲ್ಲದೆ ಹಾರುವ ಪ್ರಾಣಿಯ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆ ಅದರಿಂದ ಪೂರ್ತಿ ತೀರುವುದಿಲ್ಲ. ಒಳ್ಳೆಯ ಸವಾರರಿಗೆ ಇದು ತಿಳಿಯದ ವಿಷಯವೂ ಅಲ್ಲ.

ಕೊನೆಯ ದಿನದ ಸ್ಪರ್ಧೆಗೆ ಮುನ್ನ ನಡೆಯುವ ಒಂದು ಚಿಕ್ಕ ವಿಧಿ ಟೀವಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ರಾತ್ರಿಯೆಲ್ಲ ಕಾಲುಗಳಿಗೆ ಮಂಜುಗಡ್ಡೆ ಹಿಡಿದು, ನಡೆಸಾಡಿಸಿ, ಮೈ ತಿಕ್ಕಿ ಆರೈಕೆ ಮಾಡಿದ ಕುದುರೆಯನ್ನು ಸವಾರ ತಾನೇ ಕೈಯಲ್ಲಿ ಹಿಡಿದು, ಪಕ್ಕದಲ್ಲಿ ಓಡುತ್ತ, ತೀರ್ಪುಗಾರರ ಮತ್ತು ಪಶುವೈದ್ಯರ ಮುಂದೆ ಹಾಯಿಸಬೇಕು. ಹೆಜ್ಜೆಯಲ್ಲಿ ಒಂದಿಷ್ಟು ಕುಂಟು ಕಂಡರೂ ಮುಂದಿನ ಸ್ಪರ್ಧೆ ಇಲ್ಲ. ಎಷ್ಟು ಮುಂದಿದ್ದವರಿಗೂ ರಿಯಾಯಿತಿ ಇಲ್ಲ. ಆಗಸ್ಟ್ 2ರಂದು ಮಿಕಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. 2018ರ ಪದಕದ ನಂತರ ಗಾಯದಿಂದಾಗಿ ಬಹುಕಾಲ ಸ್ಪರ್ಧೆಯಿಂದ ದೂರವಿದ್ದ ಕುದುರೆ ಅದು. ಒಲಿಂಪಿಕ್ಸ್‌ಗೆ ಮೊದಲು ಗೊತ್ತಾಗಿದ್ದ ದಜಾರಾ ಎಂಬ ಕುದುರೆಯ ಬದಲಿಗೆ ಮಿರ್ಜಾ ಕಡೆಗಳಿಗೆಯಲ್ಲಿ ಮಿಕಿಯನ್ನೇ ಆರಿಸಿಕೊಂಡಿದ್ದರು. ಅಂದು ಸಂಜೆ ದೀಪದ ಬೆಳಕಿನಲ್ಲಿ ಮೊದಲ ಸುತ್ತಿನಲ್ಲಿ ಎರಡು ಗಳು ಬಿದ್ದವು. ಮೊದಲ 25 ಮಂದಿಗೆ ಮಾತ್ರ ಅವಕಾಶವಿದ್ದ ಅಂತಿಮ ಸುತ್ತಿಗೆ ಇಬ್ಬರೂ ಬಂದರು. ಎಲ್ಲ ಮುಗಿದಾಗ ಲೆಕ್ಕ 59.60, ಸ್ಥಾನ 23.