ನಿಮಗಿದು ಗೊತ್ತೇ? ಮಿಕ್ಸಿಗೆ ಬೆದರುವ ಶೂರ!

ದಾರಿಹೋಕರನ್ನೆಲ್ಲ ಬೊಗಳಿ ಓಡಿಸುವ ನಾಯಿ, ಚಟ್ನಿಗೆ ಮಿಕ್ಸಿ ಹಾಕಿದ ಕೂಡಲೇ ಮಂಚದಡಿ ಮಾಯ! ನಗಬೇಡಿ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಜ್‌ವರೆಗಿನ ಸದ್ದು. ನಾಯಿಗೆ ಸುಮಾರು 45,000!

ಸದ್ದು ದೊಡ್ಡದೇ ಆಗಬೇಕೆಂದಿಲ್ಲ. ಬ್ಯಾಟರಿ ಮುಗಿಯುತ್ತ ಬಂದ ಸ್ಮೋಕ್ ಅಲಾರಂ ಆಗೊಮ್ಮೆ ಈಗೊಮ್ಮೆ 'ಕೀಕ್' ಎನ್ನುತ್ತದಲ್ಲ, ಅಷ್ಟಕ್ಕೇ ನಾಯಿಗಳು ಕಂಗಾಲಾಗುತ್ತವೆ!

ಹೆದರಿದ ನಾಯಿ ಆಕಳಿಸುತ್ತದೆ! ನಿದ್ದೆಯಲ್ಲ, ಕಳವಳ. ಏನೂ ತಿನ್ನದಿದ್ದರೂ ಮೂತಿ ನೆಕ್ಕಿಕೊಳ್ಳುತ್ತದೆ. ನೆಲದ ಮೇಲೆ ಒದ್ದೆ ಹೆಜ್ಜೆ ಕಂಡಿರಾ? ನಾಯಿ ಬೆವರುವುದು ಪಾದದಲ್ಲಿ!

ಈ ಭಯ ಬಿಡಿಸುವ ಉಪಾಯಕ್ಕೆ ಹೆಸರು ತಂದದ್ದು ನಾಯಿಯಲ್ಲ, ಪೀಟರ್ ಎಂಬ ಪುಟ್ಟ ಹುಡುಗ! ಅವನಿಗೆ ಮೊಲ ಕಂಡರೆ ನಡುಕ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಅವನಿಗೆ ಇಷ್ಟದ ತಿಂಡಿ ಕೊಟ್ಟು, ಅವನು ತಿನ್ನುತ್ತಿರುವಾಗ ಪಂಜರದ ಮೊಲವನ್ನು ತುಸು ತುಸುವೇ ಹತ್ತಿರ ತಂದರು. ಕೊನೆಗೆ ಮೊಲ ಬೆರಳು ಮೆಲ್ಲಗೆ ಕಚ್ಚಿದರೂ ಹುಡುಗ ಅಳಲಿಲ್ಲ! ಜೋನ್ಸ್ ಇದನ್ನು ಪ್ರಕಟಿಸಿದ್ದು 1924ರಲ್ಲಿ.

ನಿಮ್ಮ ಮನೆಯಲ್ಲೂ ಅದೇ ಆಟ. ಮೊದಲು ಮಿಕ್ಸಿಯನ್ನು ಪ್ಲಗ್‌ಗೇ ಹಾಕಬೇಡಿ. ಸುಮ್ಮನೆ ಕಟ್ಟೆಯ ಮೇಲಿಡಿ. ನಾಯಿ ಅತ್ತ ನೋಡಿತೇ? ಒಂದು ಚೂರು ಪನೀರ್, ಇಲ್ಲವೇ ಉಪ್ಪು-ಮಸಾಲೆ ಇಲ್ಲದೆ ಬೇಯಿಸಿದ ಕೋಳಿ. ಕೆಲವು ದಿನ ಕಳೆದ ಮೇಲೆ ಮನೆಯವರು ಯಾರಾದರೂ ಅಡುಗೆಮನೆ ಬಾಗಿಲು ಹಾಕಿಕೊಂಡು ಅರೆಕ್ಷಣ ಗುರ್ರೆನಿಸಲಿ. ನೀವು ಹಿತ್ತಿಲಲ್ಲಿ ನಿಂತು ಚೂರು ಹಾಕಿ. ಬಾಗಿಲು ತೆರೆಯುವುದು, ಹತ್ತಿರ ಬರುವುದು, ಇವೆಲ್ಲ ವಾರಗಟ್ಟಲೆ ಕೆಲಸ. ಅವಸರ ಮಾಡಿದಿರೋ, ಮತ್ತೆ ಮಂಚದಡಿ!

ಇಲ್ಲೇ ಇರುವುದು ತಮಾಷೆ. ಸದ್ದು ಮೊದಲು, ತಿಂಡಿ ಆಮೇಲೆ! ಹಿಂದುಮುಂದಾದರೆ ಪನೀರ್ ಕಂಡರೂ ನಾಯಿ ಓಡೀತು: 'ಅಯ್ಯೋ, ಇನ್ನೇನು ಮಿಕ್ಸಿ ಬಂತು!'

ತಿಂಡಿ ಮೂಸಲೂ ಇಲ್ಲವೇ? ಅದು ಹಟವಲ್ಲ. ಭಯ ಮಿತಿ ಮೀರಿದರೆ ಎಷ್ಟೋ ನಾಯಿಗಳಿಗೆ ಕೋಳಿಯೂ ರುಚಿಸದು! ಇನ್ನಷ್ಟು ದೂರ ಕರೆದೊಯ್ಯಿರಿ.

ಮುದ್ದು ಮಾಡಿದರೆ ಪುಕ್ಕಲುತನ ಹೆಚ್ಚುತ್ತದೆ ಅನ್ನುತ್ತಾರಲ್ಲ? ಬರೀ ಮಾತು! ನಡುಗುತ್ತ ಬಂದರೆ ಧಾರಾಳವಾಗಿ ಮೈ ಸವರಿ. ಗದರುವುದು ಮಾತ್ರ ಬೇಡ.

ಇಷ್ಟು ವರ್ಷ ಯಾವ ಸದ್ದಿಗೂ ಜಗ್ಗದ ನಾಯಿ ಈಗ ದಿಢೀರನೆ ಬೆದರತೊಡಗಿದೆಯೇ? ಕಾರಣ ಕೀಲುನೋವೂ ಇರಬಹುದು! ಮೊದಲು ಪಶುವೈದ್ಯರಿಗೆ ತೋರಿಸಿ, ಪನೀರ್ ಆಮೇಲೆ.